ಪೆಟ್ರೋಲ್ ಗಾಡೀನೇ ಇರ್ಲಿ

ಮುಂದಿನ ವರ್ಷದಿಂದ ಎಲೆಕ್ಟ್ರಿಕ್ ರೇಸ್ ಕಾರು ಓಡಿಸುತ್ತೇನೆಂದು ತಾರಿಣಿ ಹೇಳಿದ್ದೇ ತಡ, ಮನೆಯಲ್ಲಿ ಊಟಕ್ಕೆ ಕೂತರೂ ಎದ್ದರೂ ಅದೇ ವಾದ. ಬೇರೆ ಯಾರಾದರೂ ಆಗಿದ್ದರೆ ಅವಳು ಎಂದೋ ಬಾಯಿ ಮುಚ್ಚಿಸುತ್ತಿದ್ದಳು. ಆದರೆ ಮಗಳ ಒಂದು ರೇಸನ್ನೂ ತಪ್ಪಿಸದೆ, ಟ್ರ್ಯಾಕ್ ಪಕ್ಕದ ಶೆಡ್ಡಿನಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಕೂತು, ಕೊನೆಗೆ "ಚೆನ್ನಾಗಿ ಓಡಿಸ್ದೆ" ಎನ್ನುವ ಅಮ್ಮನಿಗೆ ಏನೆಂದು ಹೇಳುವುದು?

"ಬ್ಯಾಟರಿಗೆ ಬೆಂಕಿ ಹತ್ಕೊಂಡ್ರೆ?"

"ಪೆಟ್ರೋಲಿಗೆ ಹತ್ಕೊಳಲ್ವಾ ಅಮ್ಮ?" ತಾರಿಣಿಗೆ ಹೇಳಿ ಹೇಳಿ ಸಾಕಾಗಿತ್ತು. "ಕಾಲಿಟ್ಟ ತಕ್ಷಣ ಪೂರ್ತಿ ಪಿಕಪ್ ಸಿಗುತ್ತೆ. ಗೇರ್ ಹಾಕೋ ಕೆಲ್ಸಾನೇ ಇಲ್ಲ. ಈ ಸಲ ಗೆಲ್ತೀನಿ, ನೋಡ್ತಿರು."

"ಗೆಲ್ತೀಯ, ನಂಗೊತ್ತು. ಆದ್ರೂ ಪೆಟ್ರೋಲ್ ಗಾಡೀನೇ ಇರ್ಲಿ."

"ಯಾಕೆ ಅಂತ ಒಂದು ಸರಿಯಾದ ಕಾರಣ ಹೇಳು, ಬಿಟ್ಬಿಡ್ತೀನಿ."

ಅಮ್ಮ ಲೋಟದಲ್ಲಿ ಆರಿಹೋದ ಕಾಫಿಯನ್ನೇ ನೋಡುತ್ತಿದ್ದಳು. "ಅದಕ್ಕೆ ಅಷ್ಟು ಸದ್ದಿಲ್ವಂತಲ್ಲ."

"ಸದ್ದು ಕಟ್ಕೊಂಡು ಏನಾಗ್ಬೇಕು? ನೀನು ಬರೋದು ನೋಡೋಕೆ ತಾನೇ?"

ಅಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ನಿನ್ನ ಒಂದು ರೇಸೂ ನಾನು ನೋಡಿಲ್ಲ ಕಣೇ. ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿರ್ತೀನಿ. ಅಷ್ಟು ಗಾಡಿ ಮಧ್ಯೆ ನಿನ್ನ ಇಂಜಿನ್ ಸದ್ದು ಗೊತ್ತಾಗುತ್ತೆ. ಪ್ರತಿ ಸುತ್ತಿಗೂ ಅದು ಹಾದುಹೋದ ಮೇಲೇ ನಾನು ಉಸಿರು ಬಿಡೋದು."