ಹತ್ತು ಪದಗಳ ಷರತ್ತು

ಇನ್ನೂರು ಪದಗಳಲ್ಲಿ ಹೊಂದಿಕೆಯಾದದ್ದು ಒಂದೇ ಒಂದು: ಸಾಬೂನು.

ಬಿರ್ಖಾಂಗ್ ನೋಟುಬುಕ್ಕನ್ನು ಮಣೆಯ ಪಕ್ಕದಲ್ಲಿಟ್ಟು, ನಪಾಸಾದ ಹುಡುಗನ ಹಾಗೆ ಅಮ್ಮ ರೊಂಜಾಲಿಯ ಮುಖ ನೋಡಿದ. ಎಡಗಡೆ ಅಸ್ಸಾಮಿನ ಈ ಮನೆಯ ಬೋಡೋ ಮಾತು, ಬಲಗಡೆ ಹೆಂಡತಿ ರಿಜಲಿನ್ ಫಿಲಿಪ್ಪೀನ್ಸಿನ ಸೆಬು ದ್ವೀಪದಿಂದ ತಂದ ಸೆಬುವಾನೋ. ನೀರಿಗೆ ಇಲ್ಲಿ ದ್ವಿ, ಅಲ್ಲಿ ತುಬಿಗ್. ಮೀನಿಗೆ ಇಲ್ಲಿ ನಾ, ಅಲ್ಲಿ ಇಸ್ದಾ. ನಾಯಿ, ಅನ್ನ, ಬೆಂಕಿ, ಮೂಗು, ಯಾವುದೂ ಯಾವುದರ ಹತ್ತಿರವೂ ಸುಳಿಯಲಿಲ್ಲ. ನಲವತ್ತು ದಿನದ ರಜೆ ಇದಕ್ಕೇ ಖರ್ಚಾಗಿತ್ತು.

"ಸಾಬೂನು ನಮ್ದೂ ಅಲ್ಲ, ಅವಳದ್ದೂ ಅಲ್ಲ. ಅದು ಅಂಗಡೀದು," ಅಂದಳು ರೊಂಜಾಲಿ. "ಹತ್ತು ಪದ ಹೊಂದಿದ್ರೆ ಇಲ್ಲೇ ಇರ್ಲಿ ಅಂದಿದ್ದೆ ನಾನು."

"ಇನ್ನೊಂದು ನೂರು ಪದ ನೋಡ್ಬಹುದಿತ್ತು ಆಯಿ, ರಜೆ ಮುಗೀತು."

"ನೀನು ಒಂಬತ್ತು ತಿಂಗಳು ಹಡಗಲ್ಲಿ ಅಡುಗೆ ಮಾಡ್ಕೊಂಡು ಇದ್ಬಿಡ್ತೀಯ. ನಾನಿಲ್ಲಿ ಯಾರ ಹತ್ರ ಮಾತಾಡ್ಲಿ? ಮಗ್ಗದ ಹತ್ರಾನಾ? ಸುಮ್ನೆ ಶನಿವಾರ ಅವರಮ್ಮನ ಮನೆಗೆ ಹೊರಡ್ಲಿ. ಟಿಕೆಟ್ ಮಾಡ್ಸಿದ್ದೀಯ ತಾನೆ?"

ಮಾಡಿಸಿದ್ದ. ನೋಟುಬುಕ್ಕಿನೊಳಗೇ ಮಡಚಿಟ್ಟಿದ್ದ. ರಿಜಲಿನ್ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು. ಶನಿವಾರ ಅನ್ನುವ ಪದ ಅವಳಿಗೆ ಗೊತ್ತಿತ್ತು.

ಹುಡುಗಿ ಕೆಟ್ಟವಳೆಂದು ರೊಂಜಾಲಿ ಯಾರ ಮುಂದೆಯೂ ಹೇಳಿರಲಿಲ್ಲ. ಮಗ್ಗದ ಮುಂದೆ ಕೂತರೆ ಅವಳ ಕೈಯಲ್ಲಿ ನೂಲು ಕಡಿಯುತ್ತಿರಲಿಲ್ಲ. ಆದರೆ ಉಪ್ಪೆಲ್ಲಿ ಎಂದು ಕೇಳಿದರೆ ಕೈ ಎತ್ತಿ ತೋರಿಸುವವಳಲ್ಲ. ತುಟಿಯನ್ನು ಮುಂದೆ ಮಾಡಿ, ಗದ್ದ ಎತ್ತಿ, ಉಪ್ಪಿನ ಡಬ್ಬಿಯ ಕಡೆ ಮೂತಿ ತಿರುಗಿಸುತ್ತಿದ್ದಳು. ಇವಳಿಗೆ ದೇವರು ಹತ್ತು ಬೆರಳು ಯಾಕೆ ಕೊಟ್ಟನೋ ಎಂದು ರೊಂಜಾಲಿಗೆ ಮೈ ಉರಿಯುತ್ತಿತ್ತು.

ಹೊರಗೆ ಜೀಪು ಹಾರ್ನ್ ಹಾಕಿತು. ಅರ್ಧ ಗಂಟೆ ಮುಂಚೆಯೇ ಬಂದುಬಿಟ್ಟಿತ್ತು. ಬಿರ್ಖಾಂಗ್ ಕೈ ತೊಳೆದು ಚೀಲ ಹೆಗಲಿಗೇರಿಸಿದ.

"ಅರ್ಧ ಊಟಕ್ಕೆ ಏಳ್ಬೇಡ್ವೋ!"

"ಕೊಕ್ರಾಝಾರ್‌ನಲ್ಲಿ ರೈಲು ನನಗೋಸ್ಕರ ನಿಲ್ಲಲ್ಲ ಆಯಿ."

ಈ ಮನೆಯಲ್ಲಿ ಅರ್ಧ ಊಟಕ್ಕೆ ಎದ್ದವನು ಇನ್ನೊಬ್ಬನಿದ್ದ. ಇಪ್ಪತ್ತೆರಡು ವರ್ಷದ ಹಿಂದೆ, ಹೊರಗೆ ಯಾರೋ ಕರೆದರೆಂದು ಹೋದವನು ರೊಂಜಾಲಿಯ ಗಂಡ. ಅಂದಿನಿಂದ ಅವನು ಗೋಡೆಯ ಮೇಲೆ ಫೋಟೋದಲ್ಲಿದ್ದಾನೆ. ರೊಂಜಾಲಿಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ಅವಳು ಬೈಯುತ್ತಿದ್ದಳು. ಮಗ ಕಾಲು ಮುಟ್ಟಿ ಹೊರಟರೂ ಬೈಗುಳ ನಿಲ್ಲಲಿಲ್ಲ.

ಸೊಸೆ ಗೇಟಿನ ತನಕವಾದರೂ ಹೋಗುತ್ತಾಳೆ ಅಂದುಕೊಂಡರೆ, ಅವಳು ಕೂತಲ್ಲಿಂದ ಕದಲಲಿಲ್ಲ. ತನ್ನ ತಟ್ಟೆಯ ಅಂಚು ಹಿಡಿದು ಒಂದು ಪೂರ್ತಿ ಸುತ್ತು ತಿರುಗಿಸಿದಳು. ಗಂಡ ಹೊರಟ ಗಳಿಗೆಯಲ್ಲಿ ಇದೆಂಥ ಆಟ ಎಂದು ರೊಂಜಾಲಿ ಬಾಯಿ ತೆರೆಯುವಷ್ಟರಲ್ಲಿ, ರಿಜಲಿನ್ ಬಾಗಿ ಅತ್ತೆಯ ತಟ್ಟೆಗೂ ಕೈ ಹಾಕಿದಳು.

"ಏಯ್! ನನ್ನ ತಟ್ಟೆ ಬಿಡೇ!"

ರಿಜಲಿನ್ ಬಿಡಲಿಲ್ಲ. ರೊಂಜಾಲಿ ಎರಡೂ ಕೈಯಲ್ಲಿ ತಟ್ಟೆಯನ್ನು ಗಟ್ಟಿಯಾಗಿ ಒತ್ತಿ ಹಿಡಿದಳು. ಒಬ್ಬಳು ಬೋಡೋದಲ್ಲಿ ಬೈದಳು, ಇನ್ನೊಬ್ಬಳು ಸೆಬುವಾನೋದಲ್ಲಿ ಗೋಗರೆದಳು. ಹೊರಗೆ ಜೀಪು ಸ್ಟಾರ್ಟ್ ಆಯಿತು. ರಿಜಲಿನ್‌ಗೆ ಅಳು ಬಂತು. ಒಂದು ಕೈಯಲ್ಲಿ ಅತ್ತೆಯ ತಟ್ಟೆ ಹಿಡಿದುಕೊಂಡೇ, ಇನ್ನೊಂದು ಕೈಯಲ್ಲಿ ನೋಟುಬುಕ್ಕಿನ ಹಾಳೆಗಳನ್ನು ಸರಸರ ಮಗುಚಿದಳು. ಮಡಚಿಟ್ಟಿದ್ದ ಟಿಕೆಟ್ ಜಾರಿ ರೊಂಜಾಲಿಯ ಸಾರಿನೊಳಗೆ ಬಿತ್ತು. ಅದನ್ನು ನೋಡುವ ಪುರುಸೊತ್ತು ಇಬ್ಬರಿಗೂ ಇರಲಿಲ್ಲ.

"ಫಿಸಾ," ಎಂದು ರಿಜಲಿನ್ ಒಂದು ಸಾಲಿನ ಕಡೆ ತುಟಿ ಮುಂದೆ ಮಾಡಿದಳು.

ಮಗ. "ನನ್ನ ಮಗಾನೇ. ಅದಕ್ಕೇನೀಗ?"

"ಲಾಮಾ."

ದಾರಿ.

"ನೊ."

ಮನೆ. ರಿಜಲಿನ್ ನೋಟುಬುಕ್ ಬಿಟ್ಟು, ಬೆರಳನ್ನು ತಟ್ಟೆಯ ಅಂಚಿನ ಮೇಲೆ ಮೆಲ್ಲಗೆ ಸುತ್ತಿಸಿ, ಹೊರಟ ಜಾಗಕ್ಕೇ ತಂದು ನಿಲ್ಲಿಸಿದಳು. ಆಮೇಲೆ ಅಲ್ಲಿ ಎರಡು ಸಲ ತಟ್ಟಿದಳು.

ರೊಂಜಾಲಿ ಬೈಗುಳ ನಿಲ್ಲಿಸಿದಳು. ಬಿರ್ಖಾಂಗ್ ಬಿಟ್ಟುಹೋದ ತಟ್ಟೆಯಲ್ಲಿ ಅನ್ನ ಇನ್ನೂ ಹಬೆಯಾಡುತ್ತಿತ್ತು.

"ಊಟದ ಮಧ್ಯ ಎದ್ದು ಹೋದೋನು ಸುಖವಾಗಿ ವಾಪಸ್ ಬರ್ಲಿ ಅಂತ, ಉಳಿದೋರು ತಟ್ಟೆ ತಿರುಗಿಸ್ಬೇಕಾ?" ಎಂದು ಕೇಳಿದಳು. ಯಾರನ್ನು ಕೇಳಿದಳೋ, ರಿಜಲಿನ್‌ಗೆ ಅದರಲ್ಲಿ ಒಂದು ಪದವೂ ತಿಳಿಯಲಿಲ್ಲ. ಆದರೂ ಅವಳು ಹುಬ್ಬು ಮೇಲೆತ್ತಿದಳು. ಅವರ ಕಡೆ ಹೌದು ಅನ್ನುವುದು ಹಾಗೆ. ಅದು ನಲವತ್ತು ದಿನದಲ್ಲಿ ರೊಂಜಾಲಿಗೂ ಗೊತ್ತಾಗಿತ್ತು.

"ಮೊದ್ಲೇ ಹೇಳೋಕೇನಾಗಿತ್ತು?"

ಅವಳು ತಟ್ಟೆಯನ್ನು ತಿರುಗಿಸಿದಳು. ಅನ್ನ, ಸಾರು, ಸಾರಿನಲ್ಲಿದ್ದ ಟಿಕೆಟ್, ಎಲ್ಲವೂ ಒಂದು ಸುತ್ತು ಬಂದವು. ಜೀಪು ಬಿದಿರುಮೆಳೆ ದಾಟಿ ತಿರುವಿನಲ್ಲಿ ಮರೆಯಾದ ಸದ್ದು ಕೇಳಿಸಿತು. ರೊಂಜಾಲಿ ಟಿಕೆಟ್ಟನ್ನು ಎತ್ತಲಿಲ್ಲ. ಸೌಟು ತೆಗೆದುಕೊಂಡು ಅದರ ಮೇಲೆ ಇನ್ನಷ್ಟು ಸಾರು ಹಾಕಿದಳು. ಶನಿವಾರದ ತಾರೀಕು ನೀಲಿಯಾಗಿ ಕದಡಿತು.

ಆಮೇಲೆ ತಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಇನ್ನೊಂದು ಸಲ ತಿರುಗಿಸತೊಡಗಿದಳು.

ರಿಜಲಿನ್ ಒಂದು ಬೆರಳು ಎತ್ತಿ ತೋರಿಸಿದಳು: ಒಂದೇ ಸಾಕು, ಹೋದವನು ಒಬ್ಬನೇ.

ರೊಂಜಾಲಿ ತಟ್ಟೆಯಿಂದ ಕೈ ತೆಗೆಯಲಿಲ್ಲ. ತುಟಿಯನ್ನು ಮುಂದೆ ಮಾಡಿ, ಗದ್ದ ಎತ್ತಿ, ಗೋಡೆಯ ಮೇಲಿನ ಫೋಟೋ ತೋರಿಸಿದಳು.