ಇನ್ನೊಂದು ಕೆನ್ನೆ

ಚರ್ಚಿನ ಸಭಾಪಾಲಕರ ಮುಖಕ್ಕೆ ಹಚ್ಚಿದ ನೊರೆ ಒಣಗತೊಡಗಿದರೂ ಕ್ಷೌರಿಕ ಇನ್ನೂ ಕತ್ತಿ ಎತ್ತಿರಲಿಲ್ಲ. ಅಂಗಡಿಯ ಬಾಗಿಲು ಮತ್ತೆ ತೆರೆದದ್ದು ಅಂದು ಬೆಳಿಗ್ಗೆಯಷ್ಟೇ. ಕುರ್ಚಿಯಲ್ಲಿ ಕೂತ ಮೊದಲ ಗಿರಾಕಿ ಇವರೇ. ಗೋಡೆಗೆ ಒತ್ತಿದ ಬೆಂಚಿನ ಮೇಲೆ ಚರ್ಚಿನ ಇನ್ನೂ ನಾಲ್ಕಾರು ಗಂಡಸರು ಉಸಿರು ಬಿಗಿಹಿಡಿದು ಕೂತಿದ್ದರು. ಬಾಗಿಲ ಬಳಿ ಕ್ಷೌರಿಕನ ಹೆಂಡತಿ ಬಿಸಿನೀರಿನ ಪಾತ್ರೆ ಹಿಡಿದು ನಿಂತಿದ್ದಳು.

“ಕೈ ನಡುಗ್ತಿದೆ ಅಯ್ಯನವರೇ. ಎದ್ದುಬಿಡಿ.”

“ನನ್ನ ಕಾಲೂ ನಡುಗ್ತಿದೆ,” ಎಂದರು ಸಭಾಪಾಲಕರು, ಕಣ್ಣು ಮುಚ್ಚಿಕೊಂಡೇ. “ಆದ್ರೂ ಕೂತಿಲ್ವಾ?”

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಕ್ಷೌರಿಕ ನಗಲಿಲ್ಲ. ಕುಡಿತ ಈ ಅಂಗಡಿಯನ್ನು ನುಂಗಿ ನೀರು ಕುಡಿದಿತ್ತು. ಗಿರಾಕಿಗಳು ಒಬ್ಬೊಬ್ಬರೇ ಕಳಚಿಕೊಂಡು ಬಾಗಿಲಿಗೆ ಬೀಗ ಬಿದ್ದಾಗ, ಹೆಂಡತಿ ಅವನ ರೆಟ್ಟೆ ಹಿಡಿದು ಎಳೆದುಕೊಂಡು ಹೋದದ್ದು ಚರ್ಚಿನ ಹಿಂದಿನ ಕೋಣೆಗೆ. ಅಲ್ಲಿ ಕುಡಿತ ಬಿಟ್ಟವರು, ಬಿಡಲು ಒದ್ದಾಡುವವರು ವಾರಕ್ಕೊಮ್ಮೆ ಸುತ್ತಲೂ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಯಾರೂ ಬುದ್ಧಿ ಹೇಳಲಿಲ್ಲ. ಕುಡಿತ ಬಿಡಿಸಲು ಸೇರಿಸಿದ ಆಸ್ಪತ್ರೆಯ ಮಂಚದಲ್ಲಿ ಅವನು ಬೆವರಿ ನಡುಗಿದ ದಿನಗಳಲ್ಲಿ ಅವರೇ ಸರದಿಯ ಮೇಲೆ ಪಕ್ಕದಲ್ಲಿ ಕೂತರು. “ದೇವರೇ, ಇವತ್ತೊಂದು ದಿನ ಕಾಯಪ್ಪ” ಎಂಬ ಒಂದೇ ಸಾಲಿನ ಪ್ರಾರ್ಥನೆಯನ್ನು ಕಲಿಸಿದವರೂ ಅವರೇ. ಮೊದಮೊದಲು ಬಾಯಿಮಾತಿಗೆ ಅನ್ನುತ್ತಿದ್ದ. ಯಾವಾಗ ಅದು ಒಳಗಿಳಿಯಿತೋ ಅವನಿಗೇ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಎದ್ದಾಗ ಬಾಟಲಿಯ ನೆನಪಿಗಿಂತ ಮೊದಲು ಆ ಸಾಲು ನಾಲಿಗೆಗೆ ಬಂದಿತ್ತು.

ಈಗಲೂ ಅದನ್ನೇ ತುಟಿಯೊಳಗೆ ಅಂದುಕೊಂಡು ಕತ್ತಿ ಎತ್ತಿದ. ಬಲಗೆನ್ನೆಯ ಮೇಲಿಂದ ಕೆಳಗಿನವರೆಗೆ ನೇರವಾಗಿ ಇಳಿದ ಕೈ, ದವಡೆಯ ತಿರುವಿನಲ್ಲಿ ತುಸು ಜಗ್ಗಿತು. ಬಿಳಿ ನೊರೆಯಲ್ಲೊಂದು ಕೆಂಪು ಚುಕ್ಕೆ ಮೂಡಿತು.

ಕತ್ತಿ ಠಣ್ಣನೆ ಬೋಗುಣಿಗೆ ಬಿತ್ತು. “ಮುಗೀತು. ಇದು ಇನ್ನು ನನ್ನ ಕೈಲಾಗೋ ಕೆಲಸ ಅಲ್ಲ,” ಎಂದವನೇ ಹೆಗಲ ಮೇಲಿನ ಟವೆಲ್ ತೆಗೆದು ಎಸೆದ. ಹೆಂಡತಿ ಪಾತ್ರೆಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಸಭಾಪಾಲಕರು ಬೆರಳಿನಿಂದ ರಕ್ತ ಒರೆಸಿ ನೋಡಿಕೊಂಡರು. ಇನ್ನೇನು ಎದ್ದು ಹೋಗುತ್ತಾರೆ ಎಂದುಕೊಂಡರೆ, ಸರಿದು ಸರಿಯಾಗಿ ಕೂತು ಎಡಗೆನ್ನೆ ತಿರುಗಿಸಿದರು.

“ಇನ್ನೊಂದು ಕೆನ್ನೆಯನ್ನೂ ಒಡ್ಡಿ ಅಂತ ಊರಿಗೆಲ್ಲ ಹೇಳ್ಕೊಂಡು ಬಂದವನು ನಾನು. ಈಗ ಎದ್ದು ಓಡಿದ್ರೆ ನಾಳೆ ಚರ್ಚಲ್ಲಿ ಯಾವ ಮುಖ ಇಟ್ಕೊಂಡು ಪ್ರಸಂಗ ಮಾಡ್ಲಿ ಮಾರಾಯ? ಅದೂ ಅರ್ಧ ಗಡ್ಡದ ಮುಖ!”

ಅಂಗಡಿಗೆ ಅಂಗಡಿಯೇ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹೆಂಡತಿ. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ, ಕ್ಷೌರಿಕ ಹಿಂತಿರುಗಿ ಅವಳನ್ನೇ ನೋಡಿದ. ಆಮೇಲೆ ಅವನೂ ನಕ್ಕ. ನಗುತ್ತಲೇ ಕೈ ತೊಳೆದ, ಹೊಸ ಬ್ಲೇಡು ಹಾಕಿದ, ಗಾಯಕ್ಕೆ ಪಟಿಕದ ಕಲ್ಲು ಉಜ್ಜಿದ. ನೋಡನೋಡುತ್ತ ಸಭಾಪಾಲಕರ ಎರಡೂ ಕೆನ್ನೆ ಬೆಣ್ಣೆಯ ಹಾಗಾದವು.

“ಮುಂದಿನವರು ಬನ್ನಿ!” ಎಂದು ಹೆಂಡತಿಯೇ ಕೂಗಿದಳು.

ಬೇಕರಿಯವನು ಎದ್ದ. ಅವನ ಬಲಗಿವಿಯ ತುದಿಯಲ್ಲಿ ಒಂದು ಚೂರು ಇರಲಿಲ್ಲ. ಕುಡಿದ ಕೈಯಿಂದ ಕ್ಷೌರಿಕ ಕತ್ತರಿ ಆಡಿಸಿದ ಕೊನೆಯ ಗಿರಾಕಿ ಅವನೇ.

“ನೀವಾ?”

“ನಾನೇ. ಎಡಗಿವಿ ಸ್ವಲ್ಪ ನೋಡ್ಕೊಪ್ಪಾ. ಇಡಿಯಾಗಿ ಉಳಿದಿರೋದು ಅದೊಂದೇ.”

ಕ್ಷೌರಿಕ ಅವನ ಎರಡೂ ಭುಜ ಹಿಡಿದು ನಿಂತ. ಬೇಕರಿಯವನು ಅವನ ಕೈ ಮೇಲೆ ಕೈಯಿಟ್ಟು, “ಓವನ್ನಲ್ಲಿ ಬ್ರೆಡ್ ಇಟ್ಟು ಬಂದಿದ್ದೀನಿ, ಸೀದುಹೋಗುತ್ತೆ, ಬೇಗ,” ಎಂದ.

ಅವನ ಸೊಂಪಾದ ಗಡ್ಡಕ್ಕೆ ನೊರೆ ಹಚ್ಚುವಾಗಲೇ ಕ್ಷೌರಿಕನಿಗೆ ಬೆಂಚಿನ ಮೇಲಿನ ಮುಖಗಳೂ ಸರಿಯಾಗಿ ಕಂಡದ್ದು. ಎಲ್ಲವೂ ಕಾಡು ಬೆಳೆದ ಹಾಗಿದ್ದವು.

“ಏನಿದು, ಎಲ್ಲರೂ ಸೇರಿ ಹರಕೆ ಹೊತ್ತಿದ್ದೀರಾ?”

“ಅಂಗಡಿ ತೆಗೀತಾರೆ ಅಂತ ನಿನ್ನ ಹೆಂಡ್ತಿ ಹೇಳಿದಾಗಿಂದ ಒಬ್ಬರೂ ಬೇರೆ ಕಡೆ ಮುಖ ಕೊಟ್ಟಿಲ್ಲ,” ಎಂದ ಎಲೆಕ್ಟ್ರಿಷಿಯನ್, ಗದ್ದ ಪರಪರ ಕೆರೆದುಕೊಳ್ಳುತ್ತ. “ನನ್ನ ಮಗಳು ಹತ್ರ ಬಂದ್ರೆ ಕಿರುಚ್ತಾಳೆ. ಬೇಗ ನನ್ನನ್ನ ಮನುಷ್ಯನ್ನ ಮಾಡು.”

ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲೆ ಕೂದಲು ಕಂಬಳಿ ಹಾಸಿದಂತೆ ಬಿದ್ದಿತ್ತು. ಚರ್ಚಿನ ಗಾಯಕ ಕುರ್ಚಿಯಲ್ಲೇ ಒಂದು ಕೀರ್ತನೆ ಎತ್ತಿಕೊಂಡ. ಕೆಲಸ ಮುಗಿದವರೂ ಮನೆಗೆ ಹೋಗದೆ ದನಿಗೂಡಿಸಿದರು. ಕ್ಷೌರಿಕನ ಕತ್ತರಿ ತಾನಾಗಿ ತಾಳ ಹಿಡಿಯಿತು.

ಹಾಡಿನ ನಡುವೆಯೇ ಎದುರಿನ ಬಾರಿನ ಸಪ್ಲೈಯರ್ ರಸ್ತೆ ದಾಟಿ ಬಂದು ಹೊಸ್ತಿಲಲ್ಲಿ ನಿಂತ. ವರ್ಷಗಟ್ಟಲೆ ಕ್ಷೌರಿಕನ ಲೋಟ ತುಂಬಿಸಿದವನು. ಹಾಡು ನಿಂತಿತು. ಅವನು ಯಾರ ಮುಖವನ್ನೂ ನೋಡದೆ ಬಂದು ಕುರ್ಚಿಯಲ್ಲಿ ಕೂತ. ಕ್ಷೌರಿಕ ಬಿಳಿ ಬಟ್ಟೆ ಹೊದಿಸಲು ಬಗ್ಗಿದಾಗ ಅವನ ಉಸಿರಿನಲ್ಲಿ ಆ ಹಳೆಯ ವಾಸನೆ ಬಂತು.

“ಅಣ್ಣಾ, ನೀನು ಹೋಗ್ತೀಯಲ್ಲ, ಚರ್ಚಿನ ಹಿಂದಿನ ಕೋಣೆ...” ಅವನ ದನಿ ತಗ್ಗಿತು. ಗದ್ದ ಎದೆಗೆ ತಾಗಿತು. “ಅಲ್ಲಿಗೆ ಬಡಿಸೋನೂ ಬರಬಹುದಾ?”

“ಬಾ, ಒಟ್ಟಿಗೇ ಹೋಗೋಣ,” ಎಂದ ಕ್ಷೌರಿಕ, ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದುತ್ತ. “ಈಗ ತಲೆ ಎತ್ತು.”