ಹುತಾತ್ಮನ ಹೆಂಡತಿ

ಕಡಿದಾದ ಬಂಡೆಗೆ ಹೊಡೆದ ಕಬ್ಬಿಣದ ಮೆಟ್ಟಿಲಿಗೆ ಆ ಹೆಂಗಸು ಹಲ್ಲಿಯಂತೆ ಅಂಟಿಕೊಂಡಿದ್ದಳು. ಸೈನಿಕರು ಸತ್ತ ಬೆಟ್ಟಕ್ಕೆ ಸೆಲ್ಫಿ ತೆಗೆಯಲು ಬರುವ ಇಂಥವರನ್ನು ಕಂಡರೆ ಮಾಜಿ ಹವಾಲ್ದಾರನಿಗೆ ಮೈಯೆಲ್ಲ ಉರಿಯುತ್ತಿತ್ತು. ಹೊಟ್ಟೆಪಾಡಿಗೆ ತನ್ನ ಸೀಮೆಯ ಪ್ರವಾಸಿಗರಿಗೆ ದಾರಿ ತೋರಿಸುತ್ತಿದ್ದ, ಅಷ್ಟೆ.

“ಅಕ್ಕಾರ, ಮೋಡ ಕವಿಯಾಕತ್ತೈತಿ. ಸಾಕು, ಇಳೀರಿ. ಫೋಟೋ ಇಲ್ಲೇ ತೆಗೀತೀನಿ.”

“ನಿನ್ನ ಫೋಟೋ ಯಾರಿಗೆ ಬೇಕೋ ತಮ್ಮಾ? ಮ್ಯಾಲಿನ ಕಲ್ಲಿನಾಗ ನನ್ನ ಗಂಡನ ಹೆಸರೈತಿ.”

ಅವನ ದನಿ ತಟ್ಟನೆ ತಗ್ಗಿತು. ಜೊತೆಗೆ ಬಂದಿದ್ದ ಸೆಲ್ಫಿಯವರನ್ನು ಬೈದು ಕೆಳಗೆ ಕೂರಿಸಿ, ಅವಳ ಸೊಂಟಪಟ್ಟಿಯ ಕೊಕ್ಕೆಗಳನ್ನು ಬೀಳದಂತೆ ತಾನೇ ಬಂಡೆಗುಂಟ ಬಿಗಿದ ಉಕ್ಕಿನ ಹಗ್ಗಕ್ಕೆ ಸಿಕ್ಕಿಸುತ್ತ, ಹೆತ್ತ ತಾಯಿಯನ್ನು ಕರೆದೊಯ್ಯುವಂತೆ ನೆತ್ತಿಗೆ ಕರೆದೊಯ್ದ. ಸ್ಮಾರಕದ ಕಲ್ಲಿನೆದುರು ಎದೆ ಸೆಟೆಸಿ ಸೆಲ್ಯೂಟ್ ಹೊಡೆದ.

“ಇಂಥಾ ಗಂಡಸು ಊರಿಗೊಬ್ಬ ಹುಟ್ಟಬೇಕ್ರಿ. ಕೈ ಮುಗೀರಿ, ಅವ್ವಾ.”

ಅವಳು ಸುತ್ತಲೂ ನೋಡಿದಳು. “ನಮ್ಮೂರ ಮಂದಿ ಇಲ್ಲಿಗೆ ಬರತಾರೇನೋ?”

“ಆ ಹೇಡಿಗಳಾ? ಇಷ್ಟು ಎತ್ತರಕ್ಕ ಯಾವನೂ ಬರಂಗಿಲ್ಲ.”

ಅವಳು ಕಲ್ಲಿನತ್ತ ತಿರುಗಿದಳು. “ಭಾಡ್ಯಾ, ರಜಾಕ್ಕ ಬಂದಾಗೊಮ್ಮೆ ನನ್ನ ಎಲುಬು ಮುರದಿ, ಊರಾಗ ನಿನ್ನ ಮೂರ್ತಿಗೆ ಮಾಲಿ ಹಾಕಿ ಹಾಕಿ ಸಾಕಾಗೇತಿ!” ಎಂದು ಕ್ಯಾಕರಿಸಿ ಗಂಡನ ಹೆಸರಿನ ಮೇಲೆ ಉಗಿದಳು.